ನಗರದ ನಕ್ಷೆಯೂ ಉದ್ಯೋಗದ ಲೆಕ್ಕವೂ: ವಿಜಯಪುರದ ಉದ್ಯಮಿಗಳು ಯೋಚಿಸಬೇಕಾದ ವಿಚಾರ

ವಿಜಯಪುರದ ವ್ಯಾಪಾರಸ್ಥರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಎಲ್ಲಿ ಸೇರಿದರೂ ಕೇಳಿಬರುವ ದೂರು ಒಂದೇ: ಕೆಲಸಕ್ಕೆ ಜನ ಸಿಗುವುದಿಲ್ಲ. ದಾಲ್ ಮಿಲ್ಲಿನ ಮಾಲೀಕರಿಗೆ ಹಮಾಲರ ಕೊರತೆ, ವೆಲ್ಡಿಂಗ್ ಶೆಡ್ಡಿನವರಿಗೆ ನುರಿತ ಕೈಗಳ ಕೊರತೆ, ಸಗಟು ಅಂಗಡಿಯವರಿಗೆ ಲೆಕ್ಕ ಬರೆಯುವವರ ಕೊರತೆ. ಅದೇ ಸಮಯದಲ್ಲಿ ಜಿಲ್ಲೆಯ ಹಳ್ಳಿ ಮತ್ತು ತಾಂಡಾಗಳಿಂದ ಸಾವಿರಾರು ಕುಟುಂಬಗಳು ಸುಗ್ಗಿ ಮುಗಿಯುತ್ತಲೇ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಗೋವಾ ಮತ್ತು ಮಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ನಗರದ ಹಳೆಯ ಓಣಿಗಳಲ್ಲಿ ಪದವಿ ಪಡೆದ ಯುವಕ ಯುವತಿಯರು ಕೈಕಟ್ಟಿ ಕುಳಿತಿದ್ದಾರೆ. ಒಂದೇ ಜಿಲ್ಲೆಯಲ್ಲಿ ಕೆಲಸಗಾರರ ಕೊರತೆಯೂ ಕೆಲಸದ ಕೊರತೆಯೂ ಏಕಕಾಲಕ್ಕೆ ಇರುವುದು ಹೇಗೆ ಸಾಧ್ಯ?

ಕೂಲಿ ಕಡಿಮೆ, ಕೌಶಲ ಸಾಲದು, ಸರ್ಕಾರದ ಉಚಿತ ಯೋಜನೆಗಳಿಂದ ಜನ ಸೋಮಾರಿಗಳಾಗಿದ್ದಾರೆ ಎಂಬ ಉತ್ತರಗಳು ಸಿದ್ಧವಾಗಿರುತ್ತವೆ. ಮೊದಲೆರಡು ಉತ್ತರಗಳಲ್ಲಿ ಸ್ವಲ್ಪ ಸತ್ಯಾಂಶವಿದೆ. ಆದರೆ ಯಾರೂ ಹೆಚ್ಚಾಗಿ ಪ್ರಸ್ತಾಪಿಸದ ಇನ್ನೊಂದು ಕಾರಣವಿದೆ. ಕೆಲಸ ಎಲ್ಲಿದೆ, ಕೆಲಸಗಾರ ಎಲ್ಲಿ ವಾಸಿಸುತ್ತಾನೆ, ಇವರಿಬ್ಬರ ನಡುವೆ ಎಷ್ಟು ಅಂತರವಿದೆ ಮತ್ತು ಆ ಅಂತರವನ್ನು ದಾಟುವ ದಾರಿ ಯಾರಿಗೆ ತೆರೆದಿದೆ ಎಂಬುದೇ ಆ ಕಾರಣ. ಸರಳವಾಗಿ ಹೇಳುವುದಾದರೆ, ನಗರದ ನಕ್ಷೆಯೇ ಉದ್ಯೋಗವನ್ನು ಹಂಚುತ್ತಿದೆ.

ಈ ವಿಚಾರ ಹೊಸದೇನಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಕೇನ್ 1968ರಲ್ಲಿ ಡೆಟ್ರಾಯಿಟ್ ಮತ್ತು ಶಿಕಾಗೊ ನಗರಗಳನ್ನು ಅಭ್ಯಸಿಸಿ ಇದನ್ನು ಮಂಡಿಸಿದರು. ಕಾರ್ಖಾನೆಗಳು ನಗರದ ಹೊರವಲಯಕ್ಕೆ ಸರಿದವು. ವರ್ಣಭೇದದ ಕಾರಣದಿಂದ ಕಪ್ಪು ಜನರಿಗೆ ಆ ಹೊರವಲಯದಲ್ಲಿ ಮನೆ ಸಿಗಲಿಲ್ಲ. ಪರಿಣಾಮವಾಗಿ ಅವರಿಗೆ ಕೆಲಸವೂ ತಪ್ಪಿತು ಎಂಬುದು ಅವರ ವಾದದ ಸಾರ. ವಿಜಯಪುರವು ಡೆಟ್ರಾಯಿಟ್ ಅಲ್ಲ. ಆದರೆ ವಾಸದ ಪ್ರತ್ಯೇಕತೆ ಮತ್ತು ಕೆಲಸದ ದೂರ ಎರಡೂ ಸೇರಿದಾಗ ಉಂಟಾಗುವ ನಷ್ಟದ ಸ್ವರೂಪ ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯದು.

ನಗರ ಬೆಳೆದು ಬಂದ ಬಗೆ

ವಿಜಯಪುರದ ಇಂದಿನ ರಚನೆ ಮೂರು ಕಾಲಘಟ್ಟಗಳಲ್ಲಿ ಆದದ್ದು. ಮೊದಲನೆಯದು ಆದಿಲ್‌ಶಾಹಿ ಕಾಲದ ಕೋಟೆಯೊಳಗಿನ ಊರು. 16ನೇ ಶತಮಾನದಲ್ಲಿ ಒಂದನೆಯ ಅಲಿ ಆದಿಲ್‌ಶಾಹ ಕಟ್ಟಿಸಿದ ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆಯ ಒಳಗೆ ಅರಕಿಲ್ಲೆ, ಜುಮ್ಮಾ ಮಸೀದಿ ಮತ್ತು ಪೇಟೆಗಳು ಬೆಳೆದವು. ಕಸುಬಿಗೊಂದು ಓಣಿ, ಸಮುದಾಯಕ್ಕೊಂದು ಮೊಹಲ್ಲಾ ಎಂಬ ವ್ಯವಸ್ಥೆ ಅಂದಿನದು. ಕಸುಬುದಾರರು ಒಂದೆಡೆ ನೆಲೆಸಿದ್ದರಿಂದ ಕೌಶಲ ತಂದೆಯಿಂದ ಮಗನಿಗೆ ಸಾಗಿತು. ಕಚ್ಚಾ ಸಾಮಗ್ರಿ ಸುಲಭವಾಗಿ ಸಿಕ್ಕಿತು. ಗಿರಾಕಿಗೂ ಯಾವ ವಸ್ತು ಎಲ್ಲಿ ದೊರೆಯುತ್ತದೆ ಎಂಬುದು ತಿಳಿದಿತ್ತು. ಅಂದಿನ ಮಟ್ಟಿಗೆ ಅದು ವ್ಯಾಪಾರಕ್ಕೆ ಅನುಕೂಲಕರವಾಗಿಯೇ ಇತ್ತು.

1686ರಲ್ಲಿ ಔರಂಗಜೇಬನ ವಶವಾದ ನಂತರ ಊರು ಬಹುಮಟ್ಟಿಗೆ ಪಾಳುಬಿದ್ದಿತು. ಎರಡನೆಯ ಘಟ್ಟ ಆರಂಭವಾದದ್ದು ಬ್ರಿಟಿಷರ ಕಾಲದಲ್ಲಿ. 1884ರಲ್ಲಿ ಗದಗ–ಹೋಟಗಿ ರೈಲು ಮಾರ್ಗ ಬಂದಿತು; 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ವರ್ಗಾಯಿಸಲಾಯಿತು. ಪೂರ್ವದಲ್ಲಿ ಗೋಲಗುಮ್ಮಟದ ಬಳಿ ರೈಲು ನಿಲ್ದಾಣ, ನಡುವೆ ಸರ್ಕಾರಿ ಕಚೇರಿಗಳು, ಅವುಗಳ ಸುತ್ತ ವಕೀಲರ ಮತ್ತು ನೌಕರರ ಬಡಾವಣೆಗಳು ಎದ್ದವು. ಮೂರನೆಯ ಘಟ್ಟ ಕಳೆದ ನಾಲ್ಕೈದು ದಶಕಗಳದು. ಸೊಲ್ಲಾಪುರ, ಅಥಣಿ, ಸಿಂದಗಿ, ಇಂಡಿ ಮತ್ತು ಜಮಖಂಡಿ ರಸ್ತೆಗಳ ಗುಂಟ ಕೋಟೆಗೋಡೆಯ ಹೊರಗೆ ಹೊಸ ಲೇಔಟ್‌ಗಳು ಹಬ್ಬಿದವು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳು, ಆಸ್ಪತ್ರೆಗಳು, ವಾಹನ ಮಾರಾಟ ಮಳಿಗೆಗಳು, ಗೋದಾಮುಗಳು ಅತ್ತ ಸರಿದವು. 2003ರಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾನಿಲಯವೂ ಅಥಣಿ ರಸ್ತೆಯ ತೊರವಿಯಲ್ಲಿ ನೆಲೆಗೊಂಡಿತು. ಕೈಗಾರಿಕಾ ವಸಾಹತುಗಳೂ ಹಳೆಯ ಪೇಟೆಯ ಹೊರಗೆಯೇ ತಲೆಯೆತ್ತಿದವು. ಮುಳವಾಡದಂತಹ ಕೈಗಾರಿಕಾ ಪ್ರದೇಶವಂತೂ ನಗರದಿಂದ ಬಹುದೂರ, ಹೆದ್ದಾರಿಯ ಬದಿಯಲ್ಲಿದೆ.

ಕೆಲಸಗಳು ಹೀಗೆ ಕೋಟೆಯ ಹೊರಗೆ ಹೋದವು. ಆದರೆ ಕೋಟೆಯೊಳಗಿನ ಜನ ಅದೇ ವೇಗದಲ್ಲಿ ಹೊರಗೆ ಹೋಗಲಿಲ್ಲ, ಹೋಗಲು ಆಗಲಿಲ್ಲ. ಹೊಸ ಬಡಾವಣೆಯಲ್ಲಿ ನಿವೇಶನ ಕೊಳ್ಳಲು ಹಣ ಬೇಕು ಎಂಬುದು ಒಂದು ಕಾರಣ. ಹಣವಿದ್ದರೂ ಬಾಡಿಗೆ ಮನೆ ಕೇಳಲು ಹೋದಾಗ ಮೊದಲು ಹೆಸರು, ಅಡ್ಡಹೆಸರು, ಜಾತಿ ಮತ್ತು ಆಹಾರ ಪದ್ಧತಿಗಳನ್ನು ವಿಚಾರಿಸುವ ರೂಢಿ ಇನ್ನೊಂದು ಕಾರಣ. 2011ರ ಜನಗಣತಿಯ ಪ್ರಕಾರ 3,27,000ಕ್ಕೂ ಹೆಚ್ಚು ಜನಸಂಖ್ಯೆಯಿದ್ದ ಈ ನಗರದಲ್ಲಿ ಯಾವ ಓಣಿ ಯಾರದು ಎಂಬುದನ್ನು ಯಾವ ನಿವಾಸಿಯೂ ಕ್ಷಣಮಾತ್ರದಲ್ಲಿ ಹೇಳಬಲ್ಲನು. ಹಳ್ಳಿಯ ಕೇರಿ ಮತ್ತು ತಾಂಡಾಗಳ ವಿಂಗಡಣೆಯೇ ನಗರದಲ್ಲಿ ವಾರ್ಡುಗಳ ರೂಪ ತಾಳಿದೆ.

ಇದು ಈ ಒಂದು ಊರಿನ ಲಕ್ಷಣವಲ್ಲ. ತ್ರಿನಾ ವಿತಾಯತಿಲ್ ಮತ್ತು ಗಾಯತ್ರಿ ಸಿಂಗ್ ಅವರು 2001ರ ಜನಗಣತಿಯ ಆಧಾರದ ಮೇಲೆ ದೇಶದ ಏಳು ಮಹಾನಗರಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಜನರು ಬೇರೆಬೇರೆಯಾಗಿ ವಾಸಿಸುವುದಕ್ಕೆ ಆರ್ಥಿಕ ಅಂತಸ್ತಿಗಿಂತ ಜಾತಿಯೇ ಹೆಚ್ಚು ಕಾರಣ ಎಂದು ತೋರಿಸಿತು. ದೇಶದ ಸುಮಾರು 15 ಲಕ್ಷ ನೆರೆಹೊರೆ ಪ್ರದೇಶಗಳ ಅಂಕಿಅಂಶಗಳನ್ನು ಆಧರಿಸಿ 2023ರಲ್ಲಿ ಹೊರಬಂದ ಮತ್ತೊಂದು ಅಧ್ಯಯನವು, ಒಂದೇ ನಗರದೊಳಗೆ ಮುಸ್ಲಿಮರು ಮತ್ತು ಪರಿಶಿಷ್ಟ ಜಾತಿಯವರು ಹೆಚ್ಚಾಗಿ ವಾಸಿಸುವ ಪ್ರದೇಶಗಳಲ್ಲಿ ಸರ್ಕಾರಿ ಶಾಲೆ ಮತ್ತು ಆಸ್ಪತ್ರೆಗಳಂತಹ ಸೌಲಭ್ಯಗಳು ಕಡಿಮೆ ಇವೆಯೆಂದು ಕಂಡುಕೊಂಡಿತು. ಶಾಲೆ ದೂರವಾದರೆ ಓದು ಕುಂಠಿತವಾಗುತ್ತದೆ. ಓದು ಕುಂಠಿತವಾದರೆ ಉದ್ಯಮಿಗೆ ಬೇಕಾದ ನುರಿತ ಕೈಗಳು ತಯಾರಾಗುವುದಿಲ್ಲ. ಕೌಶಲದ ಕೊರತೆಯ ದೂರಿನ ಬೇರು ಎಷ್ಟೋ ವೇಳೆ ಇಲ್ಲಿಯೇ ಇರುತ್ತದೆ.

ತಿಕೋಟಾ, ಬಬಲೇಶ್ವರ: ಬೆಳೆ ಇಲ್ಲಿ, ಕೆಲಸ ಅಲ್ಲಿ

ನಗರದಿಂದ ಅಥಣಿ ರಸ್ತೆಯಲ್ಲಿ ತಿಕೋಟಾ, ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರ. ಎರಡೂ ಸುಮಾರು 20ರಿಂದ 25 ಕಿಲೋಮೀಟರ್ ಅಂತರದಲ್ಲಿವೆ. 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಣೆಯಾಗಿ 2018ರಲ್ಲಿ ಎರಡೂ ಪ್ರತ್ಯೇಕ ತಾಲ್ಲೂಕುಗಳಾದವು. ತಹಶೀಲ್ದಾರ ಕಚೇರಿ ಹತ್ತಿರ ಬಂದದ್ದರಿಂದ ರೈತರ ಅಲೆದಾಟ ಕಡಿಮೆಯಾಯಿತು. ಆದರೆ ತಾಲ್ಲೂಕು ಕೇಂದ್ರವಾದ ಮಾತ್ರಕ್ಕೆ ಉದ್ಯೋಗ ಹುಟ್ಟುವುದಿಲ್ಲ.

ಈ ಭಾಗದ ಸಂಪತ್ತು ದ್ರಾಕ್ಷಿ. ರಾಜ್ಯದಲ್ಲಿ ದ್ರಾಕ್ಷಿ ಬೆಳೆಯುವ ಪ್ರಮುಖ ಜಿಲ್ಲೆ ವಿಜಯಪುರ. ಅದರಲ್ಲಿ ತಿಕೋಟಾ ಭಾಗದ ಪಾತ್ರ ದೊಡ್ಡದು. ಕೃಷ್ಣಾ ನದಿಯ ನೀರು ತುಬಚಿ–ಬಬಲೇಶ್ವರ ಮತ್ತಿತರ ಏತ ನೀರಾವರಿ ಯೋಜನೆಗಳ ಮೂಲಕ ಹರಿಯಲಾರಂಭಿಸಿದ ಮೇಲೆ ತೋಟಗಳಿಗೆ ಭರವಸೆ ಹೆಚ್ಚಿದೆ. ಬೆಳೆದ ಹಣ್ಣಿನ ಬಹುಪಾಲನ್ನು ಶೆಡ್‌ಗಳಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡಲಾಗುತ್ತದೆ. ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿ, ನಂತರ ಗೊನೆ ಬಿಡಿಸುವುದು, ದ್ರಾವಣದಲ್ಲಿ ಅದ್ದುವುದು, ಪರದೆಯ ಮೇಲೆ ಹರಡುವುದು, ತೊಟ್ಟು ತೆಗೆಯುವುದು, ಬಣ್ಣ ಮತ್ತು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವುದು: ಇವೆಲ್ಲವೂ ಕೈಗೆಲಸಗಳೇ. ಇದರಲ್ಲಿ ಹೆಂಗಸರ ಪಾಲು ಬಹಳ ದೊಡ್ಡದು.

ಆದರೆ ಈ ಸರಪಳಿಯಲ್ಲಿ ಹೆಚ್ಚು ಕಾಲ ನಡೆಯುವ, ಹೆಚ್ಚು ಲಾಭ ತರುವ ಕೊಂಡಿಗಳು ಎಲ್ಲಿವೆ? ಶೀತಲಗೃಹದಲ್ಲಿ ದಾಸ್ತಾನು, ಯಂತ್ರದ ಶುದ್ಧೀಕರಣ, ಪ್ಯಾಕಿಂಗ್ ಮತ್ತು ಹರಾಜಿನ ದೊಡ್ಡ ಭಾಗ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ತಾಸಗಾಂವ ಮತ್ತು ಸಾಂಗಲಿಯಲ್ಲಿ ನಡೆಯುತ್ತದೆ. ವಿಜಯಪುರದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಒಣದ್ರಾಕ್ಷಿಯ ಆನ್‌ಲೈನ್ ಹರಾಜು ಆರಂಭವಾದದ್ದು ಒಳ್ಳೆಯ ಹೆಜ್ಜೆ. ಆದರೂ ಅಲ್ಲಿನ ಪೇಟೆಯ ಸೆಳೆತ ಇನ್ನೂ ತಗ್ಗಿಲ್ಲ. ಪರಿಣಾಮವಾಗಿ, ತೋಟದ ಕೆಲಸ ಇರುವ ಕೆಲವು ತಿಂಗಳು ತಿಕೋಟಾದ ಸುತ್ತ ಕೂಲಿಗೆ ಜನ ಸಾಲುವುದಿಲ್ಲ. ಉಳಿದ ತಿಂಗಳುಗಳಲ್ಲಿ ಅದೇ ಜನಕ್ಕೆ ಕೆಲಸವಿಲ್ಲ. ಆಗ ಮುಕಾದಮನಿಂದ ಮುಂಗಡ ಪಡೆದು ಕಬ್ಬು ಕಡಿಯಲು ಹೊರಡುವುದೇ ಅವರಿಗೆ ಉಳಿಯುವ ದಾರಿ. ಮುಂಗಡ ಕೊಟ್ಟವನ ಋಣ ತೀರಿಸುವ ತನಕ ಅವರು ತಮ್ಮೂರಿನಲ್ಲಿಯೇ ಹೆಚ್ಚು ಕೂಲಿಯ ಕೆಲಸ ಬಂದರೂ ಹಿಂದಿರುಗಲಾರರು.

ಇತ್ತ ಕೇವಲ ಅರ್ಧ, ಮುಕ್ಕಾಲು ಗಂಟೆಯ ಪ್ರಯಾಣದ ದೂರದಲ್ಲಿರುವ ವಿಜಯಪುರದ ಹಳೆಯ ಓಣಿಗಳಲ್ಲಿ, ಮನೆಯಲ್ಲಿ ಕುಳಿತು ಹೊಲಿಗೆ ಅಥವಾ ಬೀಡಿ ಕೆಲಸ ಮಾಡುವ, ಇಲ್ಲವೆ ಏನೂ ಇಲ್ಲದೆ ಕುಳಿತಿರುವ ಹೆಂಗಸರಿದ್ದಾರೆ. ವಿಂಗಡಣೆ ಮತ್ತು ಪ್ಯಾಕಿಂಗ್ ಘಟಕ ಜಿಲ್ಲೆಯಲ್ಲಿಯೇ ಇದ್ದು ವರ್ಷದ ಎಂಟು, ಹತ್ತು ತಿಂಗಳು ನಡೆದರೆ ತಿಕೋಟಾದ ಕೂಲಿಗೂ ನಗರದ ಹೆಂಗಸಿಗೂ ಕೆಲಸ ಸಿಗಬಲ್ಲದು. ಬೆಳೆ, ಬಂಡವಾಳ, ಕೈ ಮೂರೂ ಜಿಲ್ಲೆಯಲ್ಲಿವೆ. ಮೂರೂ ಒಂದೆಡೆ ಕೂಡುತ್ತಿಲ್ಲ.

ದೂರದ ಲೆಕ್ಕ

ವ್ಯಾಪಾರಸ್ಥರಿಗೆ ಯಾವ ಮಾತೂ ಅಂಕಿಗಳಲ್ಲಿ ಹೇಳಿದಾಗಲೇ ಮನವರಿಕೆಯಾಗುತ್ತದೆ. ಉದಾಹರಣೆಗಾಗಿ ಒಂದು ಲೆಕ್ಕ ಹಾಕೋಣ. ತಿಕೋಟಾದ ಯುವಕನೊಬ್ಬ ನಗರದ ಘಟಕದಲ್ಲಿ ದಿನಕ್ಕೆ 450 ರೂಪಾಯಿ ಕೂಲಿಗೆ ಬರುತ್ತಾನೆ ಎಂದಿಟ್ಟುಕೊಳ್ಳಿ. ಹೋಗಿ ಬರುವ ದಾರಿ 40 ಕಿಲೋಮೀಟರ್. ಲೀಟರಿಗೆ 50 ಕಿಲೋಮೀಟರ್ ಓಡುವ ಮೋಟಾರ್ ಸೈಕಲ್ಲಿಗೆ ದಿನಕ್ಕೆ 0.8 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿಯಂತೆ ಹಿಡಿದರೂ 80 ರೂಪಾಯಿ. ತಿಂಗಳಿಗೆ 26 ದಿನದ ಕೂಲಿ 11,700, ಪೆಟ್ರೋಲಿಗೆ 2,080. ಅಂದರೆ ಗಳಿಕೆಯ ಆರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ರಸ್ತೆಯಲ್ಲಿಯೇ ಕರಗುತ್ತದೆ. ವಾಹನದ ಕಂತು, ದುರಸ್ತಿ ಮತ್ತು ದಿನಕ್ಕೆ ಒಂದೂವರೆ ಗಂಟೆಯ ಸಮಯ ಇದರಲ್ಲಿ ಸೇರಿಲ್ಲ. ಮಾಲೀಕನು 450 ಕೊಡುತ್ತಿದ್ದೇನೆಂದು ಭಾವಿಸುತ್ತಾನೆ. ಕೆಲಸಗಾರನ ಕೈಗೆ ದಕ್ಕುವುದು 370. ಊರಿನ ತೋಟದಲ್ಲಿಯೇ 400 ಸಿಕ್ಕ ದಿನ ಅವನು ನಗರದ ಕೆಲಸಕ್ಕೆ ಗೈರುಹಾಜರಾದರೆ ಅದು ಸೋಮಾರಿತನವಲ್ಲ, ಸರಿಯಾದ ಲೆಕ್ಕಾಚಾರ.

ಹೆಂಗಸರ ವಿಷಯ ಬೇರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಈ ಯೋಜನೆಯ ಬಗ್ಗೆ ವ್ಯಾಪಾರಸ್ಥರಲ್ಲಿ ಟೀಕೆ ಸಾಕಷ್ಟಿದೆ. ಆದರೆ ಉದ್ಯಮಿಯ ದೃಷ್ಟಿಯಿಂದ ನೋಡಿದರೆ, 20 ಕಿಲೋಮೀಟರ್ ದೂರದ ಹಳ್ಳಿಯ ಹೆಣ್ಣುಮಗಳ ಪ್ರಯಾಣ ವೆಚ್ಚವನ್ನು ಸರ್ಕಾರವೇ ಭರಿಸುತ್ತಿದೆ. ಹೀಗೆ ದೊರೆತ ಅನುಕೂಲವನ್ನು ಎಷ್ಟು ಘಟಕಗಳು ಬಳಸಿಕೊಂಡಿವೆ? ಟಿಕೆಟ್ಟಿನ ಹಣ ಉಳಿದರೂ ಬಸ್ಸಿನ ವೇಳೆ ಮತ್ತು ಘಟಕದ ಪಾಳಿಯ ವೇಳೆ ಹೊಂದದಿದ್ದರೆ ಪ್ರಯೋಜನವಿಲ್ಲ. ಬಸ್ಸು ನಗರದ ಮಧ್ಯದ ನಿಲ್ದಾಣಕ್ಕೆ ತಲುಪಿಸುತ್ತದೆ. ಅಲ್ಲಿಂದ ಹೊರವಲಯದ ಘಟಕಕ್ಕೆ ಮತ್ತೆ ಆಟೋ ಹಿಡಿಯಬೇಕು. ಸಂಜೆ ಕತ್ತಲಾದ ಮೇಲೆ ನಿರ್ಜನ ರಸ್ತೆಯಲ್ಲಿ ಬಸ್ಸಿಗಾಗಿ ಕಾಯಲು ಯಾವ ಮನೆಯವರೂ ಮಗಳನ್ನು ಬಿಡುವುದಿಲ್ಲ. ದೂರವೆಂಬುದು ಕಿಲೋಮೀಟರಿನಲ್ಲಿ ಮಾತ್ರ ಅಳೆಯುವ ವಸ್ತುವಲ್ಲ.

ಪರಿಚಯದ ನೇಮಕಾತಿ

ಎರಡನೆಯ ಅಡ್ಡಿ ರಸ್ತೆಯದಲ್ಲ, ರೂಢಿಯದು. ಸಣ್ಣ ಉದ್ದಿಮೆಗಳಲ್ಲಿ ನೇಮಕಾತಿ ಜಾಹೀರಾತಿನಿಂದ ನಡೆಯುವುದು ವಿರಳ. ಇರುವ ಕೆಲಸಗಾರನಿಗೆ ‘ನಿಮ್ಮ ಕಡೆ ಯಾರಾದರೂ ಒಳ್ಳೆಯ ಹುಡುಗರಿದ್ದರೆ ಕರೆದುಕೊಂಡು ಬಾ’ ಎಂದರೆ ಸಾಕು. ಅವನು ಕರೆತರುವುದು ತನ್ನ ಓಣಿಯ, ತನ್ನ ಬಳಗದ ಹುಡುಗನನ್ನೇ. ಇದರಲ್ಲಿ ದುರುದ್ದೇಶವಿಲ್ಲ, ನಗದು ಮತ್ತು ಸರಕು ಇರುವ ಕಡೆ ಗುರುತಿನವರೇ ಬೇಕೆಂಬ ಎಚ್ಚರಿಕೆ ಸಹಜವಾದದ್ದು. ಆದರೆ ಓಣಿಗಳೇ ಸಮುದಾಯವಾರು ಹಂಚಿಹೋಗಿರುವ ಊರಿನಲ್ಲಿ ಈ ಪದ್ಧತಿಯ ಫಲವೇನು? ಯಾವ ಓಣಿಯಿಂದ ಮೊದಲು ಒಬ್ಬನೂ ಕೆಲಸಕ್ಕೆ ಸೇರಿಲ್ಲವೋ ಆ ಓಣಿಗೆ ಸುದ್ದಿಯೇ ತಲುಪುವುದಿಲ್ಲ. ಹತ್ತು ವರ್ಷ ಕಳೆದರೂ ಅಲ್ಲಿಂದ ಯಾರೂ ಬರುವುದಿಲ್ಲ. ಕೊನೆಗೆ ‘ಆ ಓಣಿಯವರು ಕೆಲಸಕ್ಕೆ ಬರುವುದಿಲ್ಲ’ ಎಂಬ ಮಾತು ಗಟ್ಟಿಯಾಗುತ್ತದೆ.

ಹೆಸರಿನಿಂದಲೇ ಅವಕಾಶ ತಪ್ಪುವುದೂ ಉಂಟು. ಸುಖದೇವ ಥೋರಟ್ ಮತ್ತು ಪಾಲ್ ಅಟವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತ್ರಿಕಾ ಜಾಹೀರಾತುಗಳಿಗೆ ಉತ್ತರವಾಗಿ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳುಹಿಸಲಾಗಿತ್ತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೆಯ ಎರಡರಷ್ಟಿತ್ತು. ಮುಸ್ಲಿಂ ಹೆಸರಿಗೆ ಮೂರನೆಯ ಒಂದರಷ್ಟು ಮಾತ್ರ. ಅರ್ಹತೆ ಒಂದೇ ಆಗಿದ್ದರೂ ಹೆಸರು ಅಡ್ಡ ಬಂದಿತು. ಹೆಸರಿನ ಜೊತೆಗೆ ವಿಳಾಸವೂ ಅದೇ ಸಂಗತಿಯನ್ನು ಸಾರುವ ಊರುಗಳಲ್ಲಿ ಅಭ್ಯರ್ಥಿಯು ಎರಡು ಬಾರಿ ಸೋಲುತ್ತಾನೆ.

ಇದರಲ್ಲಿ ಮಾಲೀಕನ ನಷ್ಟವೂ ಇದೆ. ಹತ್ತು ಓಣಿಗಳಿಂದ ಆಯ್ಕೆ ಮಾಡಬಹುದಾದವನು ಎರಡು ಓಣಿಗಳಿಂದ ಆಯ್ಕೆ ಮಾಡಿದರೆ ಸಿಗುವವರ ಗುಣಮಟ್ಟ ಇಳಿಯುತ್ತದೆ, ಕೇಳುವ ಸಂಬಳ ಏರುತ್ತದೆ. ಸರಕು ಕೊಳ್ಳುವಾಗ ಒಬ್ಬನೇ ಸರಬರಾಜುದಾರನನ್ನು ನೆಚ್ಚಿಕೊಳ್ಳಬಾರದೆಂಬ ಜಾಣ್ಮೆ ಯಾವ ವ್ಯಾಪಾರಿಗೂ ಹೇಳಿಕೊಡಬೇಕಾಗಿಲ್ಲ. ಕೆಲಸಗಾರರ ವಿಷಯದಲ್ಲಿ ಮಾತ್ರ ಆ ಜಾಣ್ಮೆ ಮರೆತುಹೋಗುತ್ತದೆ. ಒಂದೇ ಬಳಗದ ಕೆಲಸಗಾರರು ಒಂದು ಮದುವೆಗೆ ಒಟ್ಟಿಗೆ ರಜೆ ಹಾಕಿದಾಗ ಘಟಕವೇ ನಿಂತುಹೋಗುವ ಅನುಭವ ಅನೇಕರಿಗೆ ಇದ್ದೇ ಇದೆ.

ಸಾಲವೂ ವಿಳಾಸವೂ

ಕೆಲಸ ಸಿಗದವನು ಸ್ವಂತ ಉದ್ಯೋಗಕ್ಕೆ ಕೈಹಾಕುತ್ತಾನೆ. ವಿಜಯಪುರದ ಗ್ಯಾರೇಜು, ಟಿನ್ ಕೆಲಸ, ಹೊಲಿಗೆ, ಬೇಕರಿ, ಹಣ್ಣಿನ ವ್ಯಾಪಾರಗಳಲ್ಲಿ ಹಳೆಯ ಓಣಿಗಳ ಜನ ಬಹಳಷ್ಟು ಇದ್ದಾರೆ. 2006ರಲ್ಲಿ ಕೇಂದ್ರಕ್ಕೆ ಸಲ್ಲಿಕೆಯಾದ ನ್ಯಾಯಮೂರ್ತಿ ರಾಜೀಂದರ್ ಸಾಚಾರ್ ಸಮಿತಿಯ ವರದಿ, ಮುಸ್ಲಿಮರಲ್ಲಿ ಸ್ವಂತ ಉದ್ಯೋಗದ ಪ್ರಮಾಣ ಇತರರಿಗಿಂತ ಹೆಚ್ಚಿರುವುದನ್ನು ದಾಖಲಿಸಿತು. ಅವರು ಹೆಚ್ಚಾಗಿ ವಾಸಿಸುವ ಕೆಲವು ಪ್ರದೇಶಗಳನ್ನು ಬ್ಯಾಂಕುಗಳು ಸಾಲಕ್ಕೆ ಅನುಕೂಲವಲ್ಲದ ‘ನಕಾರಾತ್ಮಕ ವಲಯ’ಗಳೆಂದು ಗುರುತಿಸಿರುವುದನ್ನೂ ಅದೇ ವರದಿ ಎತ್ತಿ ತೋರಿಸಿತು. ಇದರರ್ಥ ಸಾಲಗಾರನ ವಹಿವಾಟನ್ನು ನೋಡದೆ ಅವನ ಪಿನ್‌ಕೋಡನ್ನು ನೋಡಿ ಅರ್ಜಿ ತಿರಸ್ಕರಿಸುವುದು.

ಬ್ಯಾಂಕಿನ ಸಾಲ ಸಿಗದವನು ಖಾಸಗಿ ಲೇವಾದೇವಿಗೆ ಹೋಗುತ್ತಾನೆ. ಬಡ್ಡಿಯ ಭಾರದಿಂದ ಅವನ ಗ್ಯಾರೇಜು ಎರಡು ಕೈಗಳ ಗ್ಯಾರೇಜಾಗಿಯೇ ಉಳಿಯುತ್ತದೆ. ಹತ್ತು ಜನಕ್ಕೆ ಕೆಲಸ ಕೊಡುವ ಘಟಕವಾಗಿ ಬೆಳೆಯುವುದಿಲ್ಲ. ಜಿಎಸ್‌ಟಿ ನೋಂದಣಿ, ಬ್ಯಾಂಕ್ ಖಾತೆಯಲ್ಲಿನ ಯುಪಿಐ ಜಮೆಗಳು ಮತ್ತು ಸಲ್ಲಿಸಿದ ರಿಟರ್ನ್‌ಗಳು ಇಂದು ವಿಳಾಸಕ್ಕಿಂತ ಉತ್ತಮ ಸಾಕ್ಷ್ಯ ಒದಗಿಸುತ್ತವೆ. ಸಣ್ಣ ವ್ಯಾಪಾರಿಯು ಲೆಕ್ಕಪತ್ರಗಳನ್ನು ಕ್ರಮಬದ್ಧವಾಗಿ ಇಟ್ಟರೆ ವಿಳಾಸದ ಕಳಂಕವನ್ನು ಸ್ವಲ್ಪಮಟ್ಟಿಗಾದರೂ ದಾಟಬಲ್ಲನು. ಆದರೆ ಲೆಕ್ಕ ಸರಿಯಿದ್ದ ಮೇಲೆಯೂ ಅರ್ಜಿ ತಿರಸ್ಕೃತವಾದರೆ ಬರಹದಲ್ಲಿ ಕಾರಣ ಕೇಳುವ ಧೈರ್ಯ ಒಬ್ಬಂಟಿ ವ್ಯಾಪಾರಿಗೆ ಇರುವುದಿಲ್ಲ. ವಾಣಿಜ್ಯ ಸಂಸ್ಥೆಗೆ ಇರಬೇಕು.

ಎರಡು ಆಕ್ಷೇಪಗಳು

ಒಂದು ಆಕ್ಷೇಪವೆಂದರೆ, ಜನರು ತಮ್ಮ ತಮ್ಮವರ ನಡುವೆ ವಾಸಿಸುವುದು ಅವರ ಇಚ್ಛೆ. ಅದರಲ್ಲಿ ಉದ್ಯಮಿಗೇನು ಸಂಬಂಧ ಎಂಬುದು. ಮಂದಿರ, ಮಸೀದಿ, ಮಠ, ಬಂಧುಗಳ ಸಾಮೀಪ್ಯ ಎಲ್ಲರಿಗೂ ಬೇಕು ಎಂಬುದು ನಿಜ. ಕಸುಬಿನ ಓಣಿಗಳಿಂದ ಕೌಶಲ ಉಳಿದಿದೆ ಎಂಬುದೂ ನಿಜ. ಆದರೆ ಇಚ್ಛೆಯಿಂದ ಉಳಿಯುವುದಕ್ಕೂ ಬೇರೆಡೆ ಬಾಗಿಲು ಮುಚ್ಚಿದ್ದರಿಂದ ಉಳಿಯುವುದಕ್ಕೂ ವ್ಯತ್ಯಾಸವಿದೆ. ಯಾರು ಎಲ್ಲಿ ವಾಸಿಸಬೇಕೆಂದು ಉದ್ಯಮಿ ನಿರ್ಧರಿಸಲಾರ. ವಾಸಸ್ಥಳವು ಕೆಲಸಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು ಮಾತ್ರ ಅವನ ಕೈಯಲ್ಲಿದೆ.

ಇನ್ನೊಂದು ಆಕ್ಷೇಪ, ಇದೆಲ್ಲ ಸರ್ಕಾರದ ಕೆಲಸ ಎಂಬುದು. ರಸ್ತೆ, ಬಸ್ಸು, ಶಾಲೆಗಳು ಸರ್ಕಾರದ ಹೊಣೆಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ವೇಳೆಗೆ ಎಷ್ಟು ಜನಕ್ಕೆ ಬಸ್ಸು ಬೇಕೆಂಬ ಪಟ್ಟಿ ಸಾರಿಗೆ ಅಧಿಕಾರಿಯ ಬಳಿ ಇರುವುದಿಲ್ಲ. ಮಾಲೀಕರ ಬಳಿ ಇರುತ್ತದೆ. ಕೇಳದೆ ಕೊಡುವ ಇಲಾಖೆ ಯಾವುದೂ ಇಲ್ಲ.

ಕೈಗೊಳ್ಳಬಹುದಾದ ಕ್ರಮಗಳು

ಮೊದಲನೆಯದಾಗಿ, ಪ್ರತಿಯೊಂದು ಘಟಕವೂ ತನ್ನ ಕೆಲಸಗಾರರು ಯಾವ ಓಣಿ, ಯಾವ ಹಳ್ಳಿಯಿಂದ ಬರುತ್ತಾರೆ, ಹೇಗೆ ಬರುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಲಿ. ವಾಣಿಜ್ಯ ಸಂಸ್ಥೆಯು ಈ ಹಾಳೆಗಳನ್ನು ಕೂಡಿಸಿದರೆ ನಗರದ ಉದ್ಯೋಗದ ನಕ್ಷೆ ತಾನಾಗಿಯೇ ಸಿದ್ಧವಾಗುತ್ತದೆ. 2011ರ ಜನಗಣತಿಯಲ್ಲಿ ಮನೆಯಿಂದ ಕೆಲಸದ ಸ್ಥಳದ ದೂರ ಮತ್ತು ಪ್ರಯಾಣದ ವಿಧಾನವನ್ನು ಕೇಳಲಾಗಿತ್ತು. ಆ ಅಂಕಿಗಳು ಈಗ ಬಹಳ ಹಳೆಯವು. ಹೊಸವು ಬರುವ ತನಕ ಕಾಯುವ ಅಗತ್ಯವಿಲ್ಲ.

ಎರಡನೆಯದಾಗಿ, ಆ ನಕ್ಷೆಯನ್ನು ಹಿಡಿದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಿಜಯಪುರ ವಿಭಾಗದೊಡನೆ ಮಾತನಾಡಬೇಕು. ತಿಕೋಟಾ ಮತ್ತು ಬಬಲೇಶ್ವರದಿಂದ ಬೆಳಗಿನ ಪಾಳಿಗೆ ಸರಿಯಾಗಿ ಕೈಗಾರಿಕಾ ಪ್ರದೇಶದವರೆಗೆ ನೇರ ಬಸ್ಸು, ಸಂಜೆ ಕತ್ತಲಾಗುವ ಮುನ್ನ ಹಿಂದಿರುಗುವ ಬಸ್ಸು ಇವೆರಡನ್ನೇ ಕೇಳಿದರೂ ಸಾಕು. ಹತ್ತು ಘಟಕಗಳು ಪಾಳಿಯ ವೇಳೆಯನ್ನು ಅರ್ಧ ಗಂಟೆ ಹಿಂದುಮುಂದು ಮಾಡಿಕೊಂಡು ಒಂದೇ ವೇಳೆಗೆ ಹೊಂದಿಸಿದರೆ ನಿಗಮಕ್ಕೂ ಬಸ್ಸು ತುಂಬುವ ಭರವಸೆ ಇರುತ್ತದೆ.

ಮೂರನೆಯದು, ಬಸ್ಸು ಹೊಂದದ ಕಡೆ ಸಾಮೂಹಿಕ ವಾಹನ. 24 ಆಸನಗಳ ವಾಹನದ ದಿನದ ಬಾಡಿಗೆ 2,400 ರೂಪಾಯಿ ಎಂದಿಟ್ಟುಕೊಂಡರೆ, ಎಂಟು ಜನ ಕೆಲಸಗಾರರಿರುವ ಒಂದು ಘಟಕಕ್ಕೆ ತಲೆಗೆ 300 ರೂಪಾಯಿ ಬೀಳುತ್ತದೆ. ಇದು ಸಾಧ್ಯವಿಲ್ಲದ ಮಾತು. ಮೂರು ಘಟಕಗಳು ಕೂಡಿ 24 ಆಸನಗಳನ್ನೂ ತುಂಬಿದರೆ ತಲೆಗೆ 100 ರೂಪಾಯಿ. ಪೆಟ್ರೋಲಿನ 80 ರೂಪಾಯಿ ಉಳಿಸುವ ಕೆಲಸಗಾರನು 40 ರೂಪಾಯಿ ಸಂತೋಷದಿಂದ ಕೊಡುತ್ತಾನೆ; ಮಾಲೀಕನ ಪಾಲಿಗೆ 60 ಉಳಿಯುತ್ತದೆ. ಒಬ್ಬಂಟಿಯಾಗಿ ಆಗದ ಕೆಲಸ ಕೂಡಿದರೆ ಆಗುತ್ತದೆ. ಚಾಲಕನೂ ಸೇರಿ 13ಕ್ಕಿಂತ ಹೆಚ್ಚು ಆಸನಗಳಿಗೆ ಅನುಮೋದನೆ ಪಡೆದ ವಾಹನವಾದರೆ, ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತನಾದ ಉದ್ಯಮಿಗೆ ಅದರ ಬಾಡಿಗೆಯ ಮೇಲಿನ ಜಿಎಸ್‌ಟಿ ಜಮೆಯನ್ನು ನಿಯಮಾನುಸಾರ ಪಡೆಯಲು ಸಣ್ಣ ವಾಹನಗಳಿಗಿರುವ ನಿರ್ಬಂಧ ಅನ್ವಯಿಸುವುದಿಲ್ಲ.

ನಾಲ್ಕನೆಯದು, ನೇಮಕಾತಿಯ ಸುದ್ದಿ. ಖಾಲಿ ಇರುವ ಕೆಲಸಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಸಂಸ್ಥೆಯ ವತಿಯಿಂದ ಮುದ್ರಿಸಿ ಎಲ್ಲ ವಾರ್ಡುಗಳ ಗ್ರಂಥಾಲಯ, ಐಟಿಐ, ಕಾಲೇಜುಗಳಲ್ಲಿ, ತಿಕೋಟಾ ಮತ್ತು ಬಬಲೇಶ್ವರದ ಪಂಚಾಯಿತಿ ಕಟ್ಟೆಗಳಲ್ಲಿ, ತಾಂಡಾಗಳಲ್ಲಿ ಅಂಟಿಸಬೇಕು. ವಾಟ್ಸಾಪ್ ಗುಂಪುಗಳೂ ಓಣಿವಾರು ಇರುವುದರಿಂದ ಅವನ್ನಷ್ಟೇ ನಂಬಿದರೆ ಹಳೆಯ ರೂಢಿಯೇ ಹೊಸ ರೂಪದಲ್ಲಿ ಮುಂದುವರಿಯುತ್ತದೆ. ನಂಬಿಕೆಯ ಪ್ರಶ್ನೆಗೆ ಉತ್ತರ ಓಣಿಯ ಗುರುತಿನಲ್ಲಿಲ್ಲ. ಗುರುತಿನ ಚೀಟಿ, ಹಿಂದಿನ ಮಾಲೀಕರ ಪತ್ರ, ದಾಸ್ತಾನು ಪುಸ್ತಕ ಮತ್ತು ದಿನದ ನಗದು ತಾಳೆಯಲ್ಲಿದೆ. ಲೆಕ್ಕ ಸಡಿಲವಾಗಿರುವ ಅಂಗಡಿಯಲ್ಲಿ ಮೋಸ ಮಾಡುವವನು ಬಹಳ ವೇಳೆ ಪರಿಚಯದವನೇ ಆಗಿರುತ್ತಾನೆ.

ಐದನೆಯದು, ಕಾನೂನು ಕೊಡುವ ರಿಯಾಯಿತಿಯನ್ನು ಬಳಸಿಕೊಳ್ಳುವುದು. 1961ರ ಆದಾಯ ತೆರಿಗೆ ಕಾಯ್ದೆಯ 80ಜೆಜೆಎಎ ಕಲಮಿನಲ್ಲಿದ್ದು 2025ರ ಹೊಸ ಕಾಯ್ದೆಯಲ್ಲಿಯೂ ಉಳಿಸಿಕೊಳ್ಳಲಾದ ಈ ಅವಕಾಶವು, ತೆರಿಗೆ ಲೆಕ್ಕಪರಿಶೋಧನೆಗೆ ಒಳಪಡುವ ವ್ಯಾಪಾರ, ಉದ್ದಿಮೆಗಳಿಗೆ ಅನ್ವಯಿಸುತ್ತದೆ. ಹೊಸ ನೌಕರರಿಗೆ ಕೊಟ್ಟ ಹೆಚ್ಚುವರಿ ವೇತನದ ಶೇ. 30ರಷ್ಟನ್ನು ಮೂರು ವರ್ಷಗಳ ಕಾಲ ಹೆಚ್ಚುವರಿಯಾಗಿ ಕಳೆಯಬಹುದು. ನೌಕರನ ತಿಂಗಳ ಸಂಬಳ 25,000 ರೂಪಾಯಿ ಮೀರಬಾರದು. ಅವನು ಭವಿಷ್ಯನಿಧಿಯ ಸದಸ್ಯನಾಗಿರಬೇಕು. ಸಂಬಳ ಬ್ಯಾಂಕಿನ ಮೂಲಕ ಪಾವತಿಯಾಗಬೇಕು. ಸಾಮಾನ್ಯವಾಗಿ ವರ್ಷಕ್ಕೆ 240 ದಿನ ಕೆಲಸ ಮಾಡಿರಬೇಕು. ಒಟ್ಟು ನೌಕರರ ಸಂಖ್ಯೆಯೂ ಹೆಚ್ಚಿರಬೇಕು. ತಿಂಗಳಿಗೆ 12,000 ರೂಪಾಯಿಯಂತೆ ಐವರು ಹೊಸ ನೌಕರರಿಗೆ ವರ್ಷಕ್ಕೆ 7,20,000 ರೂಪಾಯಿ ಕೊಟ್ಟರೆ, ಆ ವೇತನವನ್ನು ಖರ್ಚಿಗೆ ಹಾಕಿದ ಮೇಲೆಯೂ ವರ್ಷಕ್ಕೆ 2,16,000ದಂತೆ ಮೂರು ವರ್ಷಕ್ಕೆ 6,48,000 ರೂಪಾಯಿ ಆದಾಯದಿಂದ ಕಳೆಯಬಹುದು. ಕೆಲಸಗಾರರನ್ನು ನೋಂದಾಯಿಸದೆ ನಗದಿನಲ್ಲಿ ಕೂಲಿ ಕೊಡುವವರು ಈ ಲಾಭವನ್ನು ತಾವಾಗಿಯೇ ಕಳೆದುಕೊಳ್ಳುತ್ತಿದ್ದಾರೆ.

ಆರನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಕೆಲಸವನ್ನೇ ಜನರ ಹತ್ತಿರಕ್ಕೆ ಒಯ್ಯುವುದು. ಒಣದ್ರಾಕ್ಷಿಯ ವಿಂಗಡಣೆ, ಪ್ಯಾಕಿಂಗ್ ಮತ್ತು ಶೀತಲಗೃಹಗಳಿಗೆ ಅಥಣಿ ರಸ್ತೆಯ ತೊರವಿಯಿಂದ ತಿಕೋಟಾದವರೆಗಿನ ಪ್ರದೇಶಕ್ಕಿಂತ ಯೋಗ್ಯವಾದ ಸ್ಥಳ ಇನ್ನೊಂದಿಲ್ಲ. ಒಂದು ಬದಿಗೆ ತೋಟ, ಇನ್ನೊಂದು ಬದಿಗೆ ನಗರದ ಹಳೆಯ ಓಣಿಗಳು. ಎರಡರಿಂದಲೂ ಒಂದೇ ರಸ್ತೆಯಲ್ಲಿ ಬಂದು ಹೋಗಬಹುದು. ದೊಡ್ಡ ಬಂಡವಾಳದ ಒಬ್ಬ ಉದ್ಯಮಿಗಾಗಿ ಕಾಯುವ ಬದಲು ಹತ್ತಾರು ವ್ಯಾಪಾರಸ್ಥರು, ಬೆಳೆಗಾರರು ಕೂಡಿ ಪಾಲುದಾರಿಕೆಯಲ್ಲಿ ಆರಂಭಿಸಬಹುದಾದ ಕೆಲಸವಿದು. ನಗರದೊಳಗೂ ಹೊಲಿಗೆ, ಆಹಾರ ತಯಾರಿಕೆ, ಪೆಟ್ಟಿಗೆ ಕಟ್ಟುವಂತಹ ಹೊಗೆ ಸದ್ದಿಲ್ಲದ ಕೆಲಸಗಳಿಗೆ ಮಹಾನಗರ ಪಾಲಿಕೆಯು ಹಳೆಯ ವಾರ್ಡುಗಳಲ್ಲಿಯೇ ಸಣ್ಣ ಮಳಿಗೆಗಳನ್ನು ಒದಗಿಸುವಂತೆ ಒತ್ತಾಯಿಸಬೇಕು.

ಎರಡನೆಯ ಇಬ್ರಾಹಿಂ ಆದಿಲ್‌ಶಾಹನು 1599ರಲ್ಲಿ ತೊರವಿಯ ಬಳಿ ನವರಸಪುರವೆಂಬ ಹೊಸ ಪಟ್ಟಣವನ್ನು ಕಟ್ಟತೊಡಗಿದನು. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಸಿಕ್ಕ ಮೇಲೆ ಅದು ಮತ್ತೆ ತಲೆಯೆತ್ತಲಿಲ್ಲ. ಅರಮನೆಯ ಪಾಳು ಗೋಡೆಗಳು ಇಂದಿಗೂ ಅಲ್ಲಿವೆ. ಅರಸನಿಗೆ ಆಗದಿದ್ದುದನ್ನು ವ್ಯಾಪಾರಸ್ಥರು ಮಾಡಬೇಕಾಗಿಲ್ಲ. ಹೊಸ ಪಟ್ಟಣ ಕಟ್ಟುವುದು ಬೇಡ. ಇರುವ ನಗರ, ಇರುವ ಎರಡು ತಾಲ್ಲೂಕು, ಇರುವ ರಸ್ತೆಗಳಲ್ಲಿಯೇ ಕೆಲಸವನ್ನೂ ಕೆಲಸಗಾರನನ್ನೂ ಪರಸ್ಪರ ತಲುಪಿಸಿದರೆ ಸಾಕು.

ಪ್ರತಿ ವರ್ಷ ಲಾರಿ ಹತ್ತಿ ಗಡಿ ದಾಟುವ ಕೈಗಳು ಇಲ್ಲಿಯೇ ದುಡಿದರೆ ಆ ಕೂಲಿ ಇಲ್ಲಿನ ಪೇಟೆಗಳಲ್ಲಿಯೇ ಖರ್ಚಾಗುತ್ತದೆ. ಗಾಂಧಿ ಚೌಕದ ಬಟ್ಟೆ ಅಂಗಡಿಗೂ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಕಿರಾಣಿಗೂ ಗಿರಾಕಿ ಹೆಚ್ಚುತ್ತಾನೆ. ಇಂದಿನ ಕೆಲಸಗಾರನೇ ನಾಳಿನ ಗಿರಾಕಿ ಎಂಬುದನ್ನು ವ್ಯಾಪಾರಸ್ಥರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ವಾಣಿಜ್ಯ ಸಂಸ್ಥೆಯ ಕಾರ್ಯಕಾರಿ ಸಮಿತಿಯು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಮೊದಲ ಎರಡು ಕ್ರಮಗಳನ್ನಾದರೂ ಸೇರಿಸಿಕೊಂಡು, ಸದಸ್ಯರಿಂದ ಕೆಲಸಗಾರರ ಊರು, ಓಣಿಗಳ ಪಟ್ಟಿಯನ್ನು ತರಿಸಿಕೊಳ್ಳುವ ಕಾರ್ಯವನ್ನು ಆರಂಭಿಸಲಿ.